ಮನೆ ಎಲ್ಲಿ ಅಂದರೆ, ಜಯನಗರ

ಮನೆ ಎಲ್ಲಿ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಎಷ್ಟೋ ಜನ ‘ಜಯನಗರ’ ಎನ್ನುತ್ತೇವೆ. ಗುರಪ್ಪನಪಾಳ್ಯ ಎನ್ನುವುದಿಲ್ಲ. ನಾನೂ ಹಾಗೇ ಹೇಳಿದ್ದೇನೆ. ಪಾಳ್ಯ ಎಂದ ಕೂಡಲೇ ಕೆಲವರ ಮುಖ ಬದಲಾಗುತ್ತದೆ, ಅದನ್ನು ನೋಡಲು ಇಷ್ಟವಿಲ್ಲ, ಅಷ್ಟೆ.

ಬಾರ್ಸಿಲೋನಾದ ಫ್ರಾನ್ಸಿಸ್ಕೊ ಕಾಂಡೆಲ್ 1957ರಲ್ಲಿ ಸ್ಪ್ಯಾನಿಷ್‌ನಲ್ಲಿ ಒಂದು ಕಾದಂಬರಿ ಬರೆದರು. ಅದರ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ನಗರ ತನ್ನ ಹೆಸರು ಬದಲಿಸುವ ಕಡೆ’. ಕೆಲಸ ಹುಡುಕಿಕೊಂಡು ಬಂದ ಬಡವರು ನೆಲೆಸಿದ್ದ ನಗರದಂಚಿನ ಕಥೆ. ಕಾಂಡೆಲ್ ಅಲ್ಲೇ ಬೆಳೆದವರು. ನೆರೆಯವರನ್ನು ಅವರವರ ಹೆಸರಿನಲ್ಲೇ ಬರೆದುಬಿಟ್ಟರು. ಅವರೆಲ್ಲ ಸಿಟ್ಟಾಗಿ ಜಗಳಕ್ಕೆ ಬಂದರು. ಆ ಗಲಾಟೆಯ ಮೇಲೆ ಆಮೇಲೆ ಇನ್ನೊಂದು ಪುಸ್ತಕವನ್ನೇ ಬರೆದರು! ಅದೇ ನಗರದ ಹ್ವಾನ್ ಮಾರ್ಸೆ 1966ರ ಕಾದಂಬರಿಯಲ್ಲಿ ಕಾರ್ಮೆಲ್ ಗುಡ್ಡದ ಬೈಕ್ ಕಳ್ಳನೊಬ್ಬನನ್ನು ತರುತ್ತಾರೆ. ಶ್ರೀಮಂತರ ಮನೆಯ ಹುಡುಗಿ ಅವನನ್ನು ಕ್ರಾಂತಿಕಾರಿ ಕಾರ್ಮಿಕ ಎಂದುಕೊಳ್ಳುತ್ತಾಳೆ. ಹೊರಗಿನಿಂದ ನೋಡುವವರಿಗೆ ನಾವು ಕಳ್ಳರು, ಇಲ್ಲವೇ ವೀರರು. ಬೆಳಿಗ್ಗೆ ನೀರು ಹಿಡಿದು, ಬಸ್ಸಿಗೆ ಓಡಿ, ಫಿಸಿಕ್ಸ್ ಟೆಸ್ಟಿಗೆ ಹೆದರುವವರು ಅವರಿಗೆ ಕಾಣುವುದಿಲ್ಲ.

ಹಾಗೆ ನೋಡಿದರೆ ಜಯನಗರವೇ ಒಂದು ಕಾಲದ ಹೊರವಲಯ. ಊರಿನ ಎಲ್ಲೆ ಎನ್ನುವ ಕೆಂಪೇಗೌಡ ಗೋಪುರ ಇರುವುದು ಲಾಲ್‌ಬಾಗ್ ಬಂಡೆಯ ಮೇಲೆ. ಜಯನಗರ ಬಡಾವಣೆ ಶುರುವಾದದ್ದು 1948ರಲ್ಲಿ. ಬಿಟಿಎಂ ಎಂಬ ಮೂರು ಅಕ್ಷರದಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರು ಅಡಗಿವೆ. ಹೆಸರು ಬದಲಿಸುವುದು ನಮ್ಮ ಊರಿಗೂ ಹಳೆಯ ಅಭ್ಯಾಸ.

ಕನ್ನಡದಲ್ಲಿ ಇಂಥದ್ದು ಇಲ್ಲವೇ? ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಶ್ರೀರಾಮಪುರದ ಬದುಕು ಒಳಗಿನಿಂದಲೇ ಬಂದಿದೆ, ನಗಿಸುತ್ತಲೇ ಬಂದಿದೆ, ಆದರೆ ಅದು ಆತ್ಮಕಥೆ. ಜಯಂತ ಕಾಯ್ಕಿಣಿಯವರ ಎಷ್ಟೋ ಕಥೆಗಳು ಮುಂಬೈಯವು. ಮುಸ್ಲಿಂ ಮನೆಗಳ ಬದುಕನ್ನು ಸಾರಾ ಅಬೂಬಕ್ಕರ್, ಬೊಳುವಾರು ಕರಾವಳಿ ಕಡೆಯಿಂದ ಬರೆದರು, ಬಾನು ಮುಷ್ತಾಕ್ ಹಾಸನದಿಂದ. ಮನೆಯಲ್ಲಿ ದಖನಿ, ಕ್ಲಾಸಿನಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು ಆಡುವ ನಮ್ಮ ಪಾಳ್ಯದ ಕಾದಂಬರಿ ಮಾತ್ರ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಯಾರೋ ಬಂದು ಬರೆಯಲಿ ಎಂದು ಕಾಯುವುದು ನನಗೆ ಸರಿ ಕಾಣುವುದಿಲ್ಲ. ಬಂದವರು ಮತ್ತೆ ಬೈಕ್ ಕಳ್ಳನನ್ನೇ ಹುಡುಕಿಯಾರು.

ನಮ್ಮ ಕೆಳಗಿನ ಮನೆಯ ಖಾಲಾ ಅಗರಬತ್ತಿ ಹೊಸೆಯುತ್ತಾ ಇಡೀ ಬೀದಿಯ ಸುದ್ದಿ ಹೇಳುತ್ತಾರೆ. ಬರೆದುಕೊಳ್ಳಲೇ ಎಂದು ಹೋದ ವಾರ ಕೇಳಿದೆ. ‘ಮೇರಾ ನಾಮ್ ನಕ್ಕೋ ಲಿಖ್’ ಎಂದರು. ಕಾಂಡೆಲ್ ನೆನಪಾದರು. ಬೀದಿಯ ಹೆಸರು ಹಾಕಬಹುದೇ ಎಂದೆ. ಸ್ವಲ್ಪ ಯೋಚಿಸಿ, ಅದು ಹಾಕು ಎಂದರು.