ಅಧ್ಯಕ್ಷರ ಕಾಗದಪತ್ರ ಯಾರ ಸ್ವತ್ತು?

ಲೆಕ್ಕಶಾಸ್ತ್ರದಲ್ಲಿ ನಮಗೆ ಮೊದಲಿಗೇ ಹೇಳಿಕೊಡುವ ಒಂದು ನಿಯಮವಿದೆ: ವ್ಯಾಪಾರ ಬೇರೆ, ವ್ಯಾಪಾರಿ ಬೇರೆ. ಅಂಗಡಿಯ ಗಲ್ಲಾದಿಂದ ಮಾಲೀಕನೇ ನೂರು ರೂಪಾಯಿ ಮನೆಗೆ ಒಯ್ದರೂ ಅದನ್ನು ಪುಸ್ತಕದಲ್ಲಿ ಬರೆಯಲೇಬೇಕು. ಈ ಸರಳ ನಿಯಮವನ್ನು ತನ್ನ ಅಧ್ಯಕ್ಷರಿಗೆ ಅನ್ವಯಿಸಲು ಅಮೆರಿಕಕ್ಕೆ ಸುಮಾರು ಇನ್ನೂರು ವರ್ಷ ಬೇಕಾಯಿತು.

ಜಾರ್ಜ್ ವಾಷಿಂಗ್ಟನ್ ಅಧಿಕಾರ ಬಿಟ್ಟು ಊರಿಗೆ ಹೋಗುವಾಗ ತಮ್ಮ ಕಾಗದಪತ್ರಗಳನ್ನೂ ಒಯ್ದರು. ಮುಂದೆ ಅದೇ ರೂಢಿಯಾಯಿತು. ದೇಶದ ಕೆಲಸಕ್ಕಾಗಿ ಬರೆದ ಪತ್ರಗಳು ಅಧ್ಯಕ್ಷರ ಮನೆಯ ಆಸ್ತಿಯಾದವು. ಪರಿಣಾಮ ಏನಾಯಿತು ನೋಡಿ. ಚೆಸ್ಟರ್ ಆರ್ಥರ್ ಸಾಯುವ ಮೊದಲು ತಮ್ಮ ಕಾಗದಗಳನ್ನು ಸುಡಿಸಿದರು. ವಾರನ್ ಹಾರ್ಡಿಂಗ್ 1923ರಲ್ಲಿ ತೀರಿಕೊಂಡ ಮೇಲೆ ಅವರ ಪತ್ನಿ ಎಷ್ಟೋ ಪತ್ರಗಳನ್ನು ಬೆಂಕಿಗೆ ಹಾಕಿದರು. ಲಿಂಕನ್ ಅವರ ಮಗ ತಂದೆಯ ಕಾಗದಗಳನ್ನು ಸರ್ಕಾರದ ಗ್ರಂಥಾಲಯಕ್ಕೆ ಕೊಟ್ಟರಾದರೂ, ತಾನು ಸತ್ತ 21 ವರ್ಷದವರೆಗೆ ತೆರೆಯಬಾರದೆಂದು ಷರತ್ತು ಹಾಕಿದರು. 1865ರಲ್ಲಿ ಹತ್ಯೆಯಾದ ಅಧ್ಯಕ್ಷರ ಪತ್ರಗಳನ್ನು ಜನ ಓದಿದ್ದು 1947ರಲ್ಲಿ!

ಈ ರೂಢಿಯನ್ನು ಮೊದಲು ಮುರಿದವರು ಫ್ರಾಂಕ್ಲಿನ್ ರೂಸ್‌ವೆಲ್ಟ್. ಹೈಡ್ ಪಾರ್ಕ್‌ನ ತಮ್ಮ ಜಾಗದಲ್ಲಿ ಜನರ ದೇಣಿಗೆಯಿಂದ ಗ್ರಂಥಾಲಯ ಕಟ್ಟಿಸಿ, ಕಾಗದಗಳ ಸಮೇತ ಸರ್ಕಾರಕ್ಕೆ ಒಪ್ಪಿಸಿದರು. ಅದು 1941ರಲ್ಲಿ ತೆರೆಯಿತು. 1955ರ ಕಾಯ್ದೆ ಇದನ್ನೇ ಪದ್ಧತಿ ಮಾಡಿತು. ಆದರೆ ಆಗಲೂ ಅದು ದಾನವೇ. ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ.

ದಾನವನ್ನು ನಂಬಿ ಕೂರಲಾಗದು ಎಂದು ಕಲಿಸಿದವರು ರಿಚರ್ಡ್ ನಿಕ್ಸನ್. ವಾಟರ್‌ಗೇಟ್ ಹಗರಣದಲ್ಲಿ ಅವರ ಕಚೇರಿಯ ಧ್ವನಿಮುದ್ರಣಗಳೇ ಸಾಕ್ಷಿಯಾದವು. ಅದರಲ್ಲೂ ಒಂದು ಟೇಪಿನಲ್ಲಿ ಹದಿನೆಂಟೂವರೆ ನಿಮಿಷದ ಮಾತು ಅಳಿಸಿಹೋಗಿತ್ತು. 1974ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟ ಮೇಲೆ, ಟೇಪುಗಳನ್ನು ಮುಂದೆ ನಾಶ ಮಾಡಲು ಅವಕಾಶವಿರುವ ಒಪ್ಪಂದವೊಂದನ್ನೂ ಅವರು ಸರ್ಕಾರಿ ಅಧಿಕಾರಿಯೊಂದಿಗೆ ಮಾಡಿಕೊಂಡರು. ಸಂಸತ್ತು ಅದೇ ವರ್ಷ ಕಾನೂನು ತಂದು ಎಲ್ಲವನ್ನೂ ವಶಕ್ಕೆ ಪಡೆಯಿತು. ಅಪರಾಧದ ಲೆಕ್ಕಪುಸ್ತಕವನ್ನು ಆರೋಪಿಯ ಮನೆಯಲ್ಲೇ ಇಡಲಾಗುತ್ತದೆಯೇ? 1978ರಲ್ಲಿ ಬಂದ ಅಧ್ಯಕ್ಷೀಯ ದಾಖಲೆಗಳ ಕಾಯ್ದೆ ಪ್ರಶ್ನೆಯನ್ನು ಮುಗಿಸಿತು: 1981ರ ಜನವರಿ 20ರಿಂದ ಅಧಿಕಾರಕ್ಕೆ ಬರುವವರ ಅಧಿಕೃತ ದಾಖಲೆಗಳು ಜನರ ಸ್ವತ್ತು.

ಕಾಗದದ ಪ್ರಶ್ನೆ ಮುಗಿಯಿತು, ಕಥೆಯ ಪ್ರಶ್ನೆ ಮುಗಿಯಲಿಲ್ಲ. ಈ ಗ್ರಂಥಾಲಯಗಳ ಒಂದು ಭಾಗ ದಾಖಲೆಗಳ ಕೋಣೆ, ಇನ್ನೊಂದು ಭಾಗ ವಸ್ತುಸಂಗ್ರಹಾಲಯ. ಕಟ್ಟಡಕ್ಕೆ ಹಣ ಹೊಂದಿಸುವವರು ಅಧ್ಯಕ್ಷರ ಅಭಿಮಾನಿಗಳು. ಹಣ ಹಾಕಿದವರಿಗೆ ಮಾತನಾಡುವ ಆಸೆಯೂ ಇರುತ್ತದೆ. ಕ್ಯಾಲಿಫೋರ್ನಿಯಾದ ನಿಕ್ಸನ್ ಗ್ರಂಥಾಲಯವನ್ನು 1990ರಿಂದ ಖಾಸಗಿ ಪ್ರತಿಷ್ಠಾನ ನಡೆಸುತ್ತಿದ್ದಾಗ, ವಾಟರ್‌ಗೇಟ್ ಎಂಬುದು ವಿರೋಧಿಗಳ ಹೂಟವೆಂಬಂತೆ ಅಲ್ಲಿ ತೋರಿಸಲಾಗಿತ್ತು. 2007ರಲ್ಲಿ ಅದು ರಾಷ್ಟ್ರೀಯ ಪತ್ರಾಗಾರದ ಕೈಗೆ ಬಂತು. ಸತ್ಯಕ್ಕೆ ಹತ್ತಿರವಾದ ಹೊಸ ಪ್ರದರ್ಶನ ತೆರೆದದ್ದು 2011ರಲ್ಲಿ. ಶಾಲಾ ಪ್ರವಾಸಕ್ಕೆ ಬರುವ ಮಕ್ಕಳು ದಾಖಲೆಯ ಪೆಟ್ಟಿಗೆ ಬಿಚ್ಚುವುದಿಲ್ಲ, ಗೋಡೆಯ ಮೇಲಿನ ಬರಹ ಓದಿ ಮನೆಗೆ ಹೋಗುತ್ತಾರೆ. ಅಷ್ಟು ವರ್ಷ ಹಾಗೆ ಓದಿ ಹೋದವರಿಗೆ ಯಾರು ಉತ್ತರ ಹೇಳಬೇಕು?

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ದಾಖಲೆಯ ಬೀಗದ ಕೈ ಒಬ್ಬರ ಬಳಿ, ಹೊಗಳಿಕೆಯ ಮೈಕು ಇನ್ನೊಬ್ಬರ ಬಳಿ ಇರಬೇಕು. ಒಬಾಮಾ ವಿಷಯದಲ್ಲಿ ಹೀಗೆ ಮಾಡಲಾಗಿದೆ. ಷಿಕಾಗೊದ ಕೇಂದ್ರ ಅವರ ಪ್ರತಿಷ್ಠಾನದ್ದು, ದಾಖಲೆಗಳು ಪತ್ರಾಗಾರದ ವಶದಲ್ಲಿ. ಎರಡೂ ಒಂದೇ ಸೂರಿನಡಿ ಇಲ್ಲದಿದ್ದರೆ ಸಂಶೋಧಕರಿಗೆ ಕಷ್ಟ, ಮ್ಯೂಸಿಯಂ ಬರೀ ಪ್ರಚಾರವಾಗುತ್ತದೆ ಎಂದು ಕೆಲವು ಇತಿಹಾಸಕಾರರು ಆಕ್ಷೇಪಿಸಿದ್ದಾರೆ. ಆ ಭಯ ಸುಳ್ಳಲ್ಲ. ಆದರೆ ಪ್ರಚಾರಕ್ಕೆ ಸರ್ಕಾರದ ಮುದ್ರೆ ಬೀಳುವುದಕ್ಕಿಂತ, ಪ್ರಚಾರ ಪ್ರಚಾರವೆಂದೇ ಗೊತ್ತಾಗುವುದು ಮೇಲಲ್ಲವೇ?

ಹಾಗೆಂದು ಎಲ್ಲವನ್ನೂ ಮರುದಿನವೇ ಬಿಚ್ಚಿಡಬೇಕು ಎನ್ನುತ್ತಿಲ್ಲ. ಕೆಲವು ಬಗೆಯ ದಾಖಲೆಗಳನ್ನು 12 ವರ್ಷದವರೆಗೆ ಮುಚ್ಚಿಡಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಸಲಹೆಗಾರರು ಹೆದರದೆ ಮಾತನಾಡಲು ಅದು ಬೇಕು. ಮುಚ್ಚಿಡುವುದು ಬೇರೆ, ಮನೆಗೆ ಒಯ್ಯುವುದು ಬೇರೆ. 2022ರ ಜನವರಿಯಲ್ಲಿ ಟ್ರಂಪ್ ಅವರ ಫ್ಲೋರಿಡಾ ನಿವಾಸದಿಂದ ಪತ್ರಾಗಾರ 15 ಪೆಟ್ಟಿಗೆಗಳನ್ನು ವಾಪಸ್ ತರಿಸಬೇಕಾಯಿತು. ಮುಂದೆ ಹೂಡಿದ ಮೊಕದ್ದಮೆ 2024ರಲ್ಲಿ ವಜಾ ಆಯಿತು. ಕಾರಣ ವಿಶೇಷ ವಕೀಲರ ನೇಮಕದ ದೋಷವೇ ಹೊರತು, ಪೆಟ್ಟಿಗೆಗಳು ಅವರವು ಎಂದಲ್ಲ. ಕಾನೂನು ಬಂದರೂ ಹಳೆಯ ರೂಢಿ ಸಾಯುವುದು ನಿಧಾನ.

ಕನ್ನಡ ಪತ್ರಿಕೆಯಲ್ಲಿ 'ಅಮಾನತು' ಎಂದರೆ ಕೆಲಸದಿಂದ ತಾತ್ಕಾಲಿಕವಾಗಿ ಇಳಿಸುವುದು. ನಮ್ಮ ಮನೆಯ ಉರ್ದುವಿನಲ್ಲಿ 'ಅಮಾನತ್' ಎಂದರೆ ನಂಬಿ ಒಪ್ಪಿಸಿದ ವಸ್ತು. ಅದನ್ನು ಕಾಯಬಹುದು, ತನ್ನದೆನ್ನುವಂತಿಲ್ಲ. ಅಧ್ಯಕ್ಷರ ಕೈಯಲ್ಲಿರುವ ಕಾಗದ ಈ ಎರಡನೆಯ ಅರ್ಥದ ಅಮಾನತ್. ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯ ಕೈಯಲ್ಲಿರುವ ರಿಜಿಸ್ಟರೂ ಅಷ್ಟೇ. ವರ್ಷ ಮುಗಿದಾಗ ಹುದ್ದೆಯ ಜೊತೆಗೆ ಅದನ್ನೂ ಮುಂದಿನವರಿಗೆ ಒಪ್ಪಿಸಿ ಹೋಗಬೇಕು, ಪುಟ ಹರಿಯದೆ.