ಆಳಿಲ್ಲದ ಹೊಲ

ಕೈ ಕೆಸರಾದರೆ ಬಾಯಿ ಮೊಸರೆಂದು ಹಿರಿಯರು ಹೇಳಿದ್ದಾರೆ. ಕೈಗೆ ಕೆಸರು ತಗಲದೆ, ಕುರ್ಚಿಯಿಂದ ಏಳದೆ, ಬೆರಳುಗಳನ್ನಷ್ಟೇ ಆಡಿಸಿ ಪೆಟ್ಟಿಗೆಗಟ್ಟಲೆ ಗೋಧಿ ಬೆಳೆಯುವ ಬೇಸಾಯಗಾರರು ಈಗ ನಮ್ಮ ಪುಣೆಯ ಎಷ್ಟೋ ಮನೆಗಳಲ್ಲಿದ್ದಾರೆ. ಅವರ ವಯಸ್ಸು ಒಂಬತ್ತರಿಂದ ಹದಿನಾಲ್ಕು. ಮಳೆ ಬರಲಿಲ್ಲವೆಂದು ಅವರು ಮುಗಿಲು ನೋಡಿದವರಲ್ಲ, ಸಾಲಕ್ಕಾಗಿ ಸೊಸೈಟಿಯ ಮೆಟ್ಟಲು ಹತ್ತಿದವರಲ್ಲ. ಇಂಥ ಭಾಗ್ಯಶಾಲಿಗಳ ಬೇಸಾಯ ಹೇಗಿರುತ್ತದೆಂದು ತಿಳಿಯುವ ಕುತೂಹಲದಿಂದ ನಾವು ಕೆಲವು ರವಿವಾರಗಳನ್ನು ಅವರ ಬೆನ್ನ ಹಿಂದೆ ಕುಳಿತು ಕಳೆದೆವು. ಅಲ್ಲಿ ಕಂಡುದನ್ನು ವಾಚಕರ ಮುಂದೆ ಇಡುತ್ತೇವೆ.

ಆಟದ ಹೆಸರು ಮೈನ್‌ಕ್ರಾಫ್ಟ್. ಸ್ವೀಡನ್ ದೇಶದ ಮಾರ್ಕುಸ್ ಪರ್ಸನ್ ಎಂಬಾತ 2009ರಲ್ಲಿ ಅದನ್ನು ಮೊದಲು ಹೊರತಂದ. 2011ರ ನವೆಂಬರಿನಲ್ಲಿ ಅದು ಪೂರ್ಣರೂಪ ಪಡೆಯಿತು. 2014ರಲ್ಲಿ ಅಮೆರಿಕದ ಮೈಕ್ರೋಸಾಫ್ಟಿನವರು 250 ಕೋಟಿ ಡಾಲರು ತೆತ್ತು ಕೊಂಡುಕೊಂಡರು. 2023ರ ಹೊತ್ತಿಗೆ 30 ಕೋಟಿ ಪ್ರತಿಗಳು ಮಾರಾಟವಾಗಿದ್ದುವು. ಆ ಜಗತ್ತಿನಲ್ಲಿ ಮಣ್ಣು, ಕಲ್ಲು, ಮರ, ನೀರು ಎಲ್ಲವೂ ಒಂದೊಂದು ಮೀಟರಿನ ಚೌಕದ ಗಟ್ಟಿಗಳು. ಹಗಲು ರಾತ್ರಿ ಸೇರಿ ಅಲ್ಲಿಯ ಒಂದು ದಿನಕ್ಕೆ ನಮ್ಮ ಇಪ್ಪತ್ತು ನಿಮಿಷ. ಸಂಬಳದ ದಿನಕ್ಕಾಗಿ ಕಾಯುವವರಿಗೆ ಇದು ಬಹಳ ಅನುಕೂಲದ ಲೆಕ್ಕವೆಂದು ನಮಗೆ ತೋರಿತು.

ಬೇಸಾಯಕ್ಕೆ ನಿಯಮಗಳು ಉಂಟು. ನೆಲವನ್ನು ಗುದ್ದಲಿಯಿಂದ ಹದ ಮಾಡಬೇಕು. ಒಂದು ಗಟ್ಟಿ ನೀರು ಸುತ್ತಲೂ ನಾಲ್ಕು ಗಟ್ಟಿಗಳ ದೂರದವರೆಗೆ ನೆಲವನ್ನು ತೇವವಾಗಿಡುತ್ತದೆ. ಆದುದರಿಂದ ನಡುವೆ ನೀರಿಟ್ಟು ಒಂಬತ್ತಕ್ಕೆ ಒಂಬತ್ತರ ಚೌಕ ಮಾಡಿದರೆ 80 ಗಟ್ಟಿ ಹೊಲವಾಯಿತು. ಬೆಳಕು ಬೇಕು, ರಾತ್ರಿಯಾದರೆ ದೀವಟಿಗೆ ಹಚ್ಚಿದರೂ ಸಾಕು. ಹದ ಮಾಡಿದ ನೆಲದ ಮೇಲೆ ಕುಣಿದರೆ ಅದು ಮತ್ತೆ ಬರಿಯ ಮಣ್ಣಾಗುತ್ತದೆ. ಇದನ್ನು ಮಕ್ಕಳು ಆಟದಲ್ಲಿ ಚೆನ್ನಾಗಿ ನೆನಪಿಡುತ್ತಾರೆ, ಮನೆಯ ಅಂಗಳದ ಹೂಕುಂಡಗಳ ವಿಷಯದಲ್ಲಿ ಮರೆಯುತ್ತಾರೆ.

ಗೋಧಿ ಮೊಳಕೆಯಿಂದ ತೆನೆಯಾಗುವ ತನಕ ಎಂಟು ಅವಸ್ಥೆಗಳು. ಒಂದರಿಂದ ಇನ್ನೊಂದಕ್ಕೆ ಏರುವುದು ಕೇವಲ ಚೀಟಿ ಎತ್ತುವ ಬಗೆಯಲ್ಲಿ. ಗಣಕಯಂತ್ರದ ಮೇಲೆ ಆಡುವ ಜಾವಾ ಆವೃತ್ತಿಯ ಕ್ರಮ ಹೀಗೆ: ಹದಿನಾರು ಗಟ್ಟಿ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಒಂದೊಂದು ಕೋಣೆಯಲ್ಲಿ 4,096 ಜಾಗಗಳು, ಸೆಕೆಂಡಿಗೆ ಇಪ್ಪತ್ತು ಸಲ ಆಟವು ಪ್ರತಿ ಕೋಣೆಯಿಂದ ಮೂರು ಚೀಟಿ ಎತ್ತುತ್ತದೆ. ಹೆಸರು ಬಂದ ಗಿಡಕ್ಕೆ ಬೆಳೆಯುವ ಅವಕಾಶ. ಸರಾಸರಿ ಲೆಕ್ಕದಲ್ಲಿ ಒಂದು ಗಿಡದ ಸರದಿ ಬರುವುದು ಸುಮಾರು 68 ಸೆಕೆಂಡಿಗೊಮ್ಮೆ. ಬಂದರೂ ಗೋಧಿ ಬೆಳೆದೇ ತೀರಬೇಕೆಂದಿಲ್ಲ. ಕಚೇರಿಯಲ್ಲಿ ಕಡತಗಳು ಮೇಲೆ ಹೋಗುವ ರೀತಿಯನ್ನು ಬಲ್ಲ ನಮಗೆ ಇದರಲ್ಲಿ ಅರ್ಥವಾಗದ ಅಂಶ ಯಾವುದೂ ಇರಲಿಲ್ಲ.

ಆದರೆ ಒಂದು ನಿಯಮವನ್ನು ಕೇಳಿ ನಾವು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆವು. ಹೊಲದ ತುಂಬ ಒಂದೇ ಬೆಳೆಯನ್ನು ಒತ್ತೊತ್ತಾಗಿ ಬಿತ್ತಿದರೆ ಬೆಳವಣಿಗೆಯ ವೇಗ ಅರ್ಧಕ್ಕೆ ಇಳಿಯುತ್ತದೆ. ಒಂದು ಸಾಲು ಗೋಧಿ, ಪಕ್ಕದ ಸಾಲು ಗಜ್ಜರಿ ಎಂದು ಬದಲಿಸಿ ಹಾಕಿದರೆ ಇಳಿಯುವುದಿಲ್ಲ. ಹಳೆಯ ಮೈಸೂರಿನ ಕಡೆ ರಾಗಿಯ ಹೊಲದಲ್ಲಿ ನಡುನಡುವೆ ಅವರೆ, ತೊಗರಿ ಹಾಕುವ ಅಕ್ಕಡಿ ಸಾಲು ಎಂಬುದೊಂದಿದೆ. ಅಲ್ಲಿ ಕಾರಣಗಳು ಬೇರೆ: ಕಾಳಿನ ಬೇರು ಭೂಮಿಗೆ ಸಾರ ಕೊಡುತ್ತದೆ, ಮಳೆ ಕೈಕೊಟ್ಟು ಒಂದು ಬೆಳೆ ಹೋದರೂ ಇನ್ನೊಂದು ಕೈಗೆ ಬರುತ್ತದೆ. ಸ್ವೀಡನ್ನಿನವರಿಗೆ ಅಕ್ಕಡಿಯ ಸುದ್ದಿ ಯಾರೂ ಹೇಳಿರಲಾರರು. ಆದರೂ ಮಹಾನಗರದ ಆರನೆಯ ಅಂತಸ್ತಿನಲ್ಲಿ ಹುಟ್ಟಿ ಬೆಳೆದ ಹುಡುಗನೊಬ್ಬ, ಒಂದೇ ಬೆಳೆ ಹಾಕಬಾರದು ಕಾಕಾ ಎಂದು ನಮಗೆ ಉಪದೇಶ ಮಾಡಿದುದನ್ನು ನಾವು ಸಂತೋಷದಿಂದಲೇ ಕೇಳಿದೆವು.

ಇನ್ನು ಯಂತ್ರದ ಮಾತು. ಮಕ್ಕಳ ನಿಜವಾದ ಉತ್ಸಾಹ ಇರುವುದು ಬೆಳೆಯಲ್ಲಿ ಅಲ್ಲ, ತಾವು ಮುಟ್ಟದೆ ಬೆಳೆ ಬರುವಂತೆ ಮಾಡುವುದರಲ್ಲಿ. ಅದಕ್ಕೆ ಕಬ್ಬು ಅತ್ಯಂತ ಸುಲಭ. ಕಬ್ಬು ನೀರಿನ ಮಗ್ಗುಲಲ್ಲಿ ಬೆಳೆದು ಮೂರು ಗಟ್ಟಿ ಎತ್ತರಕ್ಕೆ ನಿಲ್ಲುತ್ತದೆ. ಒಂದೊಂದು ಗಟ್ಟಿಗೆ ಸರಾಸರಿ ಹದಿನೆಂಟು ನಿಮಿಷ. ಮೂರನೆಯ ಗಟ್ಟಿಯ ಎದುರಿಗೆ ಅಬ್ಸರ್ವರ್ ಎಂಬ ಕಾವಲುಗಣ್ಣೊಂದನ್ನು ಇಡುತ್ತಾರೆ. ಕಬ್ಬು ಅಲ್ಲಿಗೆ ಮುಟ್ಟಿದ ಕೂಡಲೆ ಅದು ರೆಡ್‌ಸ್ಟೋನ್ ಎಂಬ ಕೆಂಪು ಪುಡಿಯ ಮೂಲಕ ಸಂಜ್ಞೆ ಕಳಿಸುತ್ತದೆ. ಪಿಸ್ಟನ್ ಮುನ್ನುಗ್ಗಿ ಕಬ್ಬನ್ನು ನಡುವಿಗೆ ಮುರಿಯುತ್ತದೆ. ತುಂಡುಗಳು ಕೆಳಗೆ ಬೀಳುತ್ತವೆ. ಗಿರಣಿಯ ಬಾಯಿಯಂತಿರುವ ಹಾಪರ್ ಅವನ್ನು ನುಂಗಿ ಪೆಟ್ಟಿಗೆಗೆ ಇಳಿಸುತ್ತದೆ. ಬುಡದ ಗಟ್ಟಿ ಹಾಗೆಯೇ ಉಳಿದು ಮತ್ತೆ ಚಿಗುರುತ್ತದೆ. ನಮ್ಮ ರೈತರ ಕೂಳೆ ಕಬ್ಬು ಇದೇ ಅಲ್ಲವೆ? ಹೀಗೆ ಬಂದ ಮೂರು ಕಬ್ಬಿನಿಂದ ಮೂರು ಹಾಳೆ ಕಾಗದವಾಗುತ್ತದೆ ಎಂದು ಕೇಳಿ ನಮ್ಮ ವೃತ್ತಿಯ ಅಭಿಮಾನವೂ ತಣಿಯಿತು.

ಗೋಧಿ, ಗಜ್ಜರಿ, ಆಲೂಗಡ್ಡೆಗಳು ಹೀಗೆ ಒಲಿಯುವುದಿಲ್ಲ. ಕೊಯ್ಯುವುದು ಕಷ್ಟವಲ್ಲ, ಹೊಲದ ಮೇಲ್ಗಡೆಯಿಂದ ನೀರು ಬಿಟ್ಟರೆ ಅದು ಪೈರನ್ನು ಕಿತ್ತು, ಕಾಳನ್ನು ತೇಲಿಸಿಕೊಂಡು ಬಂದು ಹಾಪರಿಗೆ ಒಪ್ಪಿಸುತ್ತದೆ. ಆದರೆ ಕೊಯ್ದ ಮೇಲೆ ಮತ್ತೆ ಬಿತ್ತಬೇಕಷ್ಟೆ? ಬಿತ್ತುವ ಯಂತ್ರ ಆ ಆಟದಲ್ಲಿ ಇಲ್ಲ. ನಮ್ಮ ನಾಡಿನಲ್ಲಿ ಎತ್ತು ಎಳೆಯುವ ಕೂರಿಗೆ ಎಷ್ಟೋ ತಲೆಮಾರುಗಳಿಂದ ಬಿದಿರಿನ ಕೊಳವೆಗಳಲ್ಲಿ ಬೀಜ ಇಳಿಸುತ್ತ ಬಂದಿದೆ. ಕೆಂಪು ಪುಡಿಯಿಂದ ಕಾವಲುಗಣ್ಣನ್ನು ಸೃಷ್ಟಿಸಿದವರಿಗೆ ಕೂರಿಗೆಯೊಂದು ಹೊಳೆಯಲಿಲ್ಲ. ಅಥವಾ ಹೊಳೆದೂ ಬಿಟ್ಟರೋ ಏನೊ.

ಹಾಗಾದರೆ ಬಿತ್ತುವವರು ಯಾರು? ಆಳು. ಆ ಜಗತ್ತಿನಲ್ಲಿ ಹಳ್ಳಿಗಳಿವೆ, ಉದ್ದ ಮೂಗಿನ ಹಳ್ಳಿಗರಿದ್ದಾರೆ. ಕೆಲಸವಿಲ್ಲದ ಹಳ್ಳಿಗನ ಬಳಿ ಗೊಬ್ಬರದ ತೊಟ್ಟಿಯೊಂದನ್ನು ಇಟ್ಟರೆ ಅವನು ಹುಲ್ಲುಟೋಪಿ ಧರಿಸಿ ಬೇಸಾಯಗಾರನಾಗುತ್ತಾನೆ. ಬಲಿತದ್ದನ್ನು ಕೊಯ್ಯುತ್ತಾನೆ, ಅದೇ ಜಾಗದಲ್ಲಿ ಬಿತ್ತುತ್ತಾನೆ; ಯಾರೂ ಹೇಳಬೇಕಾದ್ದಿಲ್ಲ. ಅವನ ಸುತ್ತ ಬೇಲಿ ಕಟ್ಟಿದರೆ ಸ್ವಯಂಚಾಲಿತ ಹೊಲದ ಅರ್ಧ ಕೆಲಸ ಮುಗಿಯಿತು. ಉಳಿದರ್ಧ, ಅವನು ಬೆಳೆದುದು ಅವನಿಗೆ ದಕ್ಕದಂತೆ ನೋಡಿಕೊಳ್ಳುವುದು.

ಇದಕ್ಕೆ ಎರಡು ಉಪಾಯಗಳು ಬಳಕೆಯಲ್ಲಿವೆ. ಗೋಧಿಯ ಹೊಲಕ್ಕೆ ಮೊದಲನೆಯದು. ಹಳ್ಳಿಗನ ಚೀಲದಲ್ಲಿ ಎಂಟು ಖಾನೆಗಳು. ಒಂದೊಂದರಲ್ಲಿ 64 ಬೀಜ ಹಿಡಿಯುತ್ತವೆ. ಅವನ ಮುಂದೆ ಬೀಜ ಎಸೆದು ಎಸೆದು ಎಂಟು ಖಾನೆಗಳನ್ನೂ ತುಂಬಿಸಿಬಿಟ್ಟರೆ, ಅವನು ಕೊಯ್ಯಬಲ್ಲ, ಬಿತ್ತಬಲ್ಲ, ಆದರೆ ಒಂದು ತೆನೆಯನ್ನೂ ಎತ್ತಿಕೊಳ್ಳಲಾರ; ಚೀಲದಲ್ಲಿ ಜಾಗವಿಲ್ಲ. ನೆಲದ ಮೇಲೆ ಬಿದ್ದ ತೆನೆಗಳನ್ನು ಕೆಳಗಿನ ಸುರಂಗದಲ್ಲಿ ಹಳಿಯ ಮೇಲೆ ಓಡಾಡುವ ಹಾಪರಿನ ಗಾಡಿ ಮಣ್ಣಿನ ಮೂಲಕವೇ ಹೀರಿಕೊಳ್ಳುತ್ತದೆ.

ಎರಡನೆಯ ಉಪಾಯ ಗಜ್ಜರಿ, ಆಲೂಗಡ್ಡೆಗೆ. ಈ ಹಳ್ಳಿಗರಿಗೆ ಒಂದು ಒಳ್ಳೆಯ ಗುಣ ಉಂಟು: ತನ್ನಲ್ಲಿ ಹೆಚ್ಚಾದ ಆಹಾರವನ್ನು ಬೇಸಾಯಗಾರನು ಇಲ್ಲದವನಿಗೆ ಕೊಡುತ್ತಾನೆ, ಎದುರಿಗೆ ನಿಂತು ಅವನತ್ತ ಎಸೆಯುತ್ತಾನೆ. ಆದುದರಿಂದ ಹೊಲದ ಅಂಚಿನಲ್ಲಿ ಒಂದು ಗಟ್ಟಿಯಷ್ಟೇ ಜಾಗದ ಗೂಡಿನೊಳಗೆ ಹಸಿದ ಹಳ್ಳಿಗನೊಬ್ಬನನ್ನು ನಿಲ್ಲಿಸುತ್ತಾರೆ. ಇಬ್ಬರ ನಡುವೆ ಹಾಪರ್ ಇಡುತ್ತಾರೆ. ಇವನು ಎಸೆಯುತ್ತಾನೆ, ಅವನಿಗೆ ಮುಟ್ಟುವುದಿಲ್ಲ. ಮುಟ್ಟದ ಕಾರಣ ಅವನ ಹಸಿವು ತೀರುವುದಿಲ್ಲ; ತೀರದ ಕಾರಣ ಇವನು ಮತ್ತೆ ಎಸೆಯುತ್ತಾನೆ. ಯಂತ್ರವನ್ನು ನಡೆಸುವ ಶಕ್ತಿ ಕೆಂಪು ಪುಡಿಯದಲ್ಲ, ಅವನ ಔದಾರ್ಯದ್ದು.

ಮುಗಿಯಲಿಲ್ಲ. ಇದೇ ಬೇಸಾಯಗಾರನು ವ್ಯಾಪಾರವನ್ನೂ ಮಾಡುತ್ತಾನೆ: 20 ಗೋಧಿಗೆ ಒಂದು ಪಚ್ಚೆಯ ಹರಳು ಕೊಡುತ್ತಾನೆ. ಅವನ ಕಾಲ ಕೆಳಗಿನಿಂದ ಹೀರಿದ ಗೋಧಿಯನ್ನು ಅವನಿಗೇ ಮಾರಿದರೂ ಆತ ತಕರಾರಿಲ್ಲದೆ ಕೊಳ್ಳುತ್ತಾನೆ. ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆಯನ್ನು ಕಟ್ಟಿದವರು ಇಂಥ ಆಳನ್ನು ಕನಸಿನಲ್ಲಿಯೂ ಕಂಡಿರಲಾರರು.

ಮಕ್ಕಳನ್ನು ದೂರುವುದಕ್ಕಾಗಿ ನಾವು ಇದನ್ನು ಬರೆಯುತ್ತಿಲ್ಲ. ಹಳ್ಳಿಗರು ಆಟದ ಗೊಂಬೆಗಳು, ಅವರಿಗೆ ನೋವಿಲ್ಲ. ಕಾಲುವೆ, ಸಾಲು, ಬೆಳಕು, ಕಾಲ ಇವುಗಳ ಲೆಕ್ಕವನ್ನು ಹುಡುಗರು ಇದರಿಂದ ಕಲಿಯುತ್ತಾರೆ. ಹಾಕಿದ ವೇಳೆ ಪೂರ್ತಿ ನಷ್ಟವೆನ್ನಲಾಗದು. ನಮಗೆ ಸೋಜಿಗ ತಂದುದು ‘ಆಟೊಮ್ಯಾಟಿಕ್’ ಎಂಬ ಮಾತು. ಕಚೇರಿಗೆ ಗಣಕಯಂತ್ರ ಬಂದಾಗ ಇನ್ನು ಎಲ್ಲವೂ ತಾನಾಗಿ ಆಗುತ್ತದೆ ಎಂದರು; ಅದರೊಳಗೆ ಅಂಕಿಗಳನ್ನು ತುಂಬುವ ಕೈ ಇಂದಿಗೂ ಗುಮಾಸ್ತನದೇ. ಯಾವುದು ತಾನಾಗಿ ಆಗುತ್ತದೆ ಎಂದು ಹೇಳಿದರೂ, ಅದರಲ್ಲಿ ಬಿತ್ತುವವನು ಎಲ್ಲಿದ್ದಾನೆಂದು ಹುಡುಕುವ ದುರಭ್ಯಾಸ ನಮಗೆ ಹತ್ತಿದೆ.

ಆಟದವರು ಮಾತ್ರ ಒಂದು ನ್ಯಾಯವನ್ನು ಪಾಲಿಸಿದ್ದಾರೆ. ಒಡೆಯನು ಹೊಲವನ್ನು ಬಿಟ್ಟು ಬಹುದೂರ ಹೋದರೆ ಆ ಸೀಮೆಯೇ ಸ್ತಬ್ಧವಾಗುತ್ತದೆ. ಪೈರು ಬೆಳೆಯದು, ಆಳು ಅಲುಗನು, ಪೆಟ್ಟಿಗೆ ತುಂಬದು. ಊರಿನ ಹೊಲವನ್ನು ಪಾಲಿಗೆ ಕೊಟ್ಟು ಪರನಾಡಿನಲ್ಲಿ ಕುಳಿತು ಸುಗ್ಗಿಯ ಕಾಲಕ್ಕೆ ಫೋನು ಮಾಡುವವರು ನಮ್ಮ ಸಂಘದಲ್ಲಿ ಹಲವರಿದ್ದಾರೆ. ಈ ನಿಯಮ ಅವರಿಗೆ ರುಚಿಸಲಾರದು.

ನಮ್ಮ ಕಟ್ಟಡದಲ್ಲಿ ಧಾರವಾಡದ ಕಡೆಯ ಮನೆಯೊಂದರ ಅಣ್ಣ ತಂಗಿ ಇಬ್ಬರೂ ಒಂದೇ ಹೊಲದ ಪಾಲುದಾರರು. ಗಜ್ಜರಿಯ ಯಂತ್ರವನ್ನು ಕಟ್ಟಿದವನು ಅಣ್ಣ. ಮೊನ್ನೆ ಅದನ್ನು ನಮಗೆ ತೋರಿಸುತ್ತ,

“ಪೂರಾ ಆಟೊಮ್ಯಾಟಿಕ್ ಕಾಕಾ. ನಾ ಏನೂ ಮಾಡೂದಿಲ್ಲ, ಪೆಟಿಗಿ ತಾನ ತುಂಬತದ” ಎಂದ.

“ಹಂಗಾರ ಆ ಹೊಲದಾಗ ಓಡಾಡವ ಯಾರಪಾ?”

“ಅವನಾ? ಅವ ಮಷೀನಿನ ಪಾರ್ಟ್.”

“ಪಾರ್ಟ್ ಅಂತ, ಪಾರ್ಟ್!” ಎಂದಳು ತಂಗಿ. “ಅವ ದಿನಾ ಆ ಮಗ್ಗಲಿನವಗ ಕೊಡ್ಲಿಕ್ಕೆ ಬರ್ತಾನ ಕಾಕಾ, ಇವ ನಡುವ ಕಸಗೊಂತಾನ.”

ಮರುದಿನ ಅಣ್ಣನು ಶಾಲೆಯಿಂದ ಬರುವುದು ತಡವಾಯಿತು. ಅಷ್ಟರಲ್ಲಿ ಆಕೆ ನಡುವಿನ ಹಾಪರನ್ನು ಕಿತ್ತು, ಗೂಡಿನ ಗೋಡೆ ಒಡೆದು, ಬೇಲಿಯೊಳಗೆ ಮೂರು ಹಾಸಿಗೆ ಹಾಸಿದ್ದಳು. ಎರಡು ಹಾಸಿಗೆ ಅವರಿಬ್ಬರಿಗೆ. ಒಂದು ಖಾಲಿ ಇರಬೇಕು, ಅದು ಆಟದ ನಿಯಮ. ತಲೆಗೆ ಹನ್ನೆರಡು ಗಜ್ಜರಿ ಕೈಸೇರಿದ ಮೇಲೆ ಆ ಹೊಲದಲ್ಲಿ ಒಂದು ಮಗು ಓಡಾಡತೊಡಗಿತು. ಪೆಟ್ಟಿಗೆಗೆ ಅಂದು ಒಂದು ಗಜ್ಜರಿಯೂ ಬೀಳಲಿಲ್ಲ.

ಅಣ್ಣನು ಬಂದು ನೋಡಿ ಜಗಳ ಮಾಡಲಿಲ್ಲ. ಮಗು ದೊಡ್ಡದಾಗಲು ಇಪ್ಪತ್ತು ನಿಮಿಷ ಸಾಕೆಂಬುದು ಅವನಿಗೆ ಗೊತ್ತು. ಪಕ್ಕದ ನೆಲವನ್ನು ಹದ ಮಾಡಿ, ಬೇಲಿ ಕಟ್ಟಿ, ಇನ್ನೊಂದು ಗೊಬ್ಬರದ ತೊಟ್ಟಿಯನ್ನು ತಂದಿಟ್ಟು ಕಾಯುತ್ತ ಕುಳಿತ.