‘ಸರ್ವರ್ ಇಲ್ಲ, ನಾಳೆ ಬರ್ರಿ’

ಹಾವೇರಿಯ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ಬೆಳೆವಿಮೆ ಅರ್ಜಿಯ ಕೊನೆಯ ವಾರದಲ್ಲಿ ನಮ್ಮ ಬಂಕಾಪುರ ಕಡೆಯ ಸೇವಾಕೇಂದ್ರಗಳ ಮುಂದೆ ಅರ್ಧ ತಾಸು ನಿಂತರೆ ಮೇಲಿನ ಮಾತು ತಮ್ಮ ಕಿವಿಗೂ ಬಿದ್ದೀತು. ಉತಾರ, ಆಧಾರ್, ಪಾಸ್‌ಬುಕ್ಕಿನ ಝೆರಾಕ್ಸ್ ಹಿಡಿದು ಹಳ್ಳಿಗಳಿಂದ ಬಂದವರು ದಿನದ ಕೆಲಸ ಕೆಡಿಸಿಕೊಂಡು ತಿರುಗಿ ಬಸ್ ಹತ್ತುತ್ತಾರೆ. ಕಂಪ್ಯೂಟರ್ ಮುಂದಿನ ಹುಡುಗನನ್ನು ಬೈದು ಉಪಯೋಗವಿಲ್ಲ. ಅವನಿಗೂ ಕಾಣುವುದು ತಿರುಗುವ ಚಕ್ರವೊಂದೇ. ನನ್ನ ತಕರಾರು ಬೇರೆ. ಕೆಲಸ ಎಲ್ಲಿ ನಿಂತಿತೆಂದು ಯಾರೂ ನೋಡುವುದಿಲ್ಲ, ನೋಡಿದರೂ ಬರೆದಿಡುವುದಿಲ್ಲ.

ಡಯಲ್-ಅಪ್ ಕಾಲದಲ್ಲಿ ನಾನು ಇಂಟರ್ನೆಟ್ ಅಂಗಡಿ ಇಟ್ಟಿದ್ದವನು. ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು. ಸಣ್ಣ ಊರುಗಳಿಗೆ ಅದು ಬಂದದ್ದು ನಿಧಾನವಾಗಿ, ಟೆಲಿಫೋನ್ ತಂತಿ ಹಿಡಿದುಕೊಂಡು. ಸಂಪರ್ಕದ ನಂಬರು 172233ಕ್ಕೆ ಡಯಲ್ ಮಾಡಿ, ಮೋಡೆಮ್ ಕಿರುಚಿ ಸುಮ್ಮನಾಗುವ ತನಕ ಕಾಯಬೇಕು. ಡಬ್ಬಿಯ ಮೇಲೆ 56 ಕೆಬಿಪಿಎಸ್ ಎಂದಿದ್ದರೂ ಕಳಿಸುವ ಕಡೆಯ ವೇಗ 33.6 ದಾಟುತ್ತಿರಲಿಲ್ಲ. ಪುಟ ಅರ್ಧಕ್ಕೆ ನಿಂತಿತೆಂದರೆ ಸಂಪರ್ಕ ಕಡಿದು ರಿಸೀವರ್ ಎತ್ತಿ ಕೇಳುತ್ತಿದ್ದೆವು. ಚರಚರ ಸದ್ದಿದ್ದರೆ ಎಲ್ಲೋ ಜಾಯಿಂಟಿಗೆ ಮಳೆನೀರು ಇಳಿದಿದೆ, ಲೈನ್‌ಮನ್‌ಗೆ ಹೇಳಿಕಳಿಸಬೇಕು. ಒಳಮನೆಯಲ್ಲಿ ಯಾರಾದರೂ ಪ್ಯಾರಲಲ್ ಫೋನ್ ಎತ್ತಿದರೂ, ಕಾಲ್ ವೇಟಿಂಗ್ ಬೀಪ್ ಬಂದರೂ ಮೋಡೆಮ್ ಕೈಕೊಡುತ್ತಿತ್ತು.

ಅವೆಲ್ಲ ಸುಲಭದ ರೋಗ. ಪೀಡೆ ಇನ್ನೊಂದಿತ್ತು: ಲೈನ್ ಚೊಕ್ಕ, ಪರದೆಯ ಮೂಲೆಯಲ್ಲಿ ಎರಡು ಪುಟ್ಟ ಕಂಪ್ಯೂಟರಿನ ಚಿತ್ರ ಹಾಗೇ ಇದೆ, ಸಣ್ಣ ಪುಟ ತೆರೆಯುತ್ತದೆ, ದೊಡ್ಡದು ತೆರೆಯುವುದಿಲ್ಲ. ಕೋಟೆಬಾಗಿಲಲ್ಲಿ ಸೈಕಲ್ ಸಲೀಸಾಗಿ ದಾಟಿ, ಕಣಕಿ ಹೇರಿದ ಚಕ್ಕಡಿ ಸಿಕ್ಕಿಕೊಂಡ ಹಾಗೆ. ಮಾಹಿತಿ ಹೋಗುವುದು ಪ್ಯಾಕೆಟ್‌ಗಳಾಗಿ. ಒಂದೊಂದು ಸಾಮಾನ್ಯವಾಗಿ 1500 ಬೈಟಿನ ತನಕ ಇರಬಹುದು. ದಾರಿಯಲ್ಲಿ ಎಲ್ಲಾದರೂ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಅಲ್ಲಿನ ರೂಟರ್ ‘ಇದು ದೊಡ್ಡದಾಯಿತು, ಚಿಕ್ಕದು ಮಾಡು’ ಎಂದು ಕಳಿಸಿದವನಿಗೆ ತಿಳಿಸಬೇಕು. ಸುರಕ್ಷತೆಯ ಹೆಸರಿನಲ್ಲಿ ಯಾವುದೋ ಫೈರ್‌ವಾಲ್ ಆ ಸಂದೇಶವನ್ನೇ ತಡೆದರೆ, ಕಳಿಸುವವ ಅದೇ ದೊಡ್ಡ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತಾನೆ, ಚಕ್ರ ತಿರುಗುತ್ತದೆ.

ಮೋಡೆಮ್ ಹೋಯಿತು, ಈ ರೋಗ ಹೋಗಲಿಲ್ಲ. ಫೈಬರ್ ಸಂಪರ್ಕ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುವ ಪಿಪಿಪಿಒಇ ಪದ್ಧತಿಯದಾದರೆ, ಅದು ಆ 1500ರಲ್ಲಿ ತನ್ನ ಪಾಲಿಗೆ 8 ಬೈಟ್ ಕತ್ತರಿಸಿಕೊಂಡು 1492 ಉಳಿಸುತ್ತದೆ. ಕೇಂದ್ರದಲ್ಲಿ ಲಾಗಿನ್ ಆಗಿ, ಹೆಸರು, ಸರ್ವೆ ನಂಬರು ಎಲ್ಲ ತುಂಬಿ, ಉತಾರದ ಪಿಡಿಎಫ್ ಅಪ್‌ಲೋಡ್ ಮಾಡುವಾಗಲೇ ನಿಂತರೆ ನನಗೆ ಮೊದಲು ಬರುವ ಸಂಶಯ ಇದೇ. ಕಮಾಂಡ್ ಪ್ರಾಂಪ್ಟಿನಲ್ಲಿ, ತುಂಡರಿಸಕೂಡದೆಂಬ ಷರತ್ತು ಹಾಕಿ, 1472 ಬೈಟಿನ ಪಿಂಗ್ (ಪರೀಕ್ಷಾ ಪ್ಯಾಕೆಟ್) ಕಳಿಸಿ ನೋಡಬೇಕು. ಅದರ ಮೇಲೆ 28 ಬೈಟಿನ ತಲೆಬರಹ ಸೇರಿ 1500 ಆಗುತ್ತದೆ. ಅದು ಹೋಗದೆ 1464 ಹೋದರೆ ರೂಟರಿನ ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಅಳತೆ) 1492 ಇದೆಯೇ ನೋಡಿ, ಇಲ್ಲದಿದ್ದರೆ ಹಾಗೆ ಇಡಬೇಕು. ಒಂದು ಚಹಾ ಆರುವುದರೊಳಗೆ ಮುಗಿಯುವ ಕೆಲಸ.

ಪ್ರತಿ ಸಲವೂ ಇದೇ ಕಾರಣ ಎನ್ನುವುದಿಲ್ಲ. ಕೊನೆಯ ದಿನದ ನೂಕುನುಗ್ಗಲಿಗೆ ಸರ್ವರ್ ನಿಜಕ್ಕೂ ಕುಸಿಯುತ್ತದೆ. ಆದರೆ ಅದನ್ನೂ ಗುರುತಿಸಬಹುದು: ಅದೇ ಗಳಿಗೆಗೆ ಬೇರೆ ಜಾಲತಾಣ ತೆರೆಯುತ್ತದೆಯೇ, ಮೊಬೈಲ್ ಹಾಟ್‌ಸ್ಪಾಟಿನಲ್ಲಿ ವಿಮೆಯ ತಾಣವೇ ತೆರೆಯುತ್ತದೆಯೇ ಎಂದು ನೋಡಿದರೆ ಸಾಕು.

ಆದ್ದರಿಂದ ನನ್ನ ಬೇಡಿಕೆ. ಜಿಲ್ಲೆಯ ಪ್ರತಿ ಸೇವಾಕೇಂದ್ರದಲ್ಲೂ ಒಂದು ದಾಖಲೆ ಪುಸ್ತಕ ಇಡಿಸಿ. ಅರ್ಜಿ ಎಷ್ಟು ಗಂಟೆಗೆ ನಿಂತಿತು, ಒಟಿಪಿಯಲ್ಲೋ ಅಪ್‌ಲೋಡಿನಲ್ಲೋ ಹಣ ಕಟ್ಟುವಲ್ಲೋ, ಮೇಲಿನ ಪರೀಕ್ಷೆಗಳಲ್ಲಿ ಏನು ಕಂಡಿತು, ಬರೆಯಲಿ. ಅದರ ಒಂದು ಚೀಟಿ ಸಹಿ ಹಾಕಿ ರೈತನ ಕೈಗೆ ಕೊಡಲಿ. ವಿಮೆಯ ಕೊನೆಯ ದಿನಾಂಕ ಮುಂದೂಡುವುದು ತಮ್ಮ ಕೈಯಲ್ಲಿಲ್ಲ, ಬಲ್ಲೆ. ಆದರೆ ‘ಈತ ಗಡುವಿನೊಳಗೆ ಬಂದಿದ್ದ’ ಎಂಬ ಚೀಟಿಗಳಿಗೆ ತಮ್ಮ ಶಿಫಾರಸು ಲಗತ್ತಿಸಿ ಬೆಂಗಳೂರಿಗೆ ಕಳಿಸುವುದು ತಮ್ಮ ಕೈಯಲ್ಲಿದೆ. ಬರೀ ಬಾಯಿಮಾತಿಗೆ ಅಲ್ಲಿ ಯಾರೂ ಕಿವಿಗೊಡುವುದಿಲ್ಲ.

ಎಲ್ಲ ಕಡೆ ಒಮ್ಮೆಲೇ ಬೇಡವೆಂದರೆ ಈ ಮುಂಗಾರಿಗೆ ಬಂಕಾಪುರದಲ್ಲಷ್ಟೇ ನಡೆಸಿ ನೋಡಿ. ಪುಸ್ತಕಕ್ಕೆ ರೂಲು ಎಳೆದುಕೊಡುವುದೂ, ಹುಡುಗರಿಗೆ ಪಿಂಗ್ ಕಲಿಸುವುದೂ ನನಗಿರಲಿ.

ಇತಿ ತಮ್ಮ ವಿಶ್ವಾಸಿ,
ಬಂಕಾಪುರದ ಹಳೇ ಇಂಟರ್ನೆಟ್ ಅಂಗಡಿಯವ